ಎರಡನೇ ನಂಬರಿಗೆ ಜಾಗ

ಸಂಜೆ ಕೆಲಸ ಬಿಟ್ಟು ಹೊರಬಿದ್ದ ಕೂಡಲೇ ನಾನು ಅವ್ವನಿಗೆ ಒಂದು ಮಿಸ್ ಕಾಲ್ ಕೊಡುತ್ತೇನೆ. ಒಂದು ರಿಂಗು ಆಗಬೇಕು, ಅಷ್ಟರಲ್ಲಿ ಕಟ್ ಮಾಡಬೇಕು. ಈಗ ಬಾಯಿತುಂಬ ಮಾತಾಡಿದರೂ ಫೋನಿನವರು ಯಾಕೆಂದು ಕೇಳುವುದಿಲ್ಲ, ಆದರೂ ನಿನಗೆ ಈ ಜಿಪುಣತನ ಬಿಡಲಿಲ್ಲ ಎಂದು ನನ್ನ ಮಗಳು ನಗುತ್ತಾಳೆ. ಜಿಪುಣತನ ಅಲ್ಲ ಮಹಾರಾಯ್ತಿ, ಅದು ರೂಢಿ. ನಮ್ಮ ಮನೆಯಲ್ಲಿ ಮಿಸ್ ಕಾಲಿಗೆ ಒಂದು ಕಾಯಿದೆಯೇ ಇದೆ. ಒಂದು ರಿಂಗು ಅಂದರೆ ಸೋಲಾಪುರ ಬಿಟ್ಟೆ. ಎರಡು ಅಂದರೆ ಎಸ್‌ಟಿ ಬಸ್ಸು ವಳಸಂಗ ದಾಟಿತು. ಮೂರು ಅಂದರೆ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿದೆ, ಇನ್ನು ಹಂಚು ಒಲೆಯ ಮೇಲಿಡು.

ಒಮ್ಮೆ ಸೋಲಾಪುರದ ನವಿ ಪೇಠದಲ್ಲಿ ಚಾದರದ ಅಂಗಡಿಯ ಕಟ್ಟೆ ಮೇಲೆ ಕೂತು ಇದನ್ನು ತೋರಿಸು, ಅದನ್ನು ಬಿಚ್ಚು ಎಂದು ಅಂಗಡಿಯವನ ಪ್ರಾಣ ಹಿಂಡುತ್ತಿದ್ದಾಗ ಚೀಲದೊಳಗಿನ ಫೋನು ತಾನೇ ಒತ್ತಿಕೊಂಡು ಮೂರು ರಿಂಗು ಹೋಗಿಬಿಟ್ಟಿತ್ತು. ಅವ್ವ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ತಟ್ಟೆ ಹಾಕಿ ಕೂತಿದ್ದಾಳೆ. ನಾನು ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು, ಅವ್ವ ಮಾತ್ರ ಬಿಸಿಯಾಗಿದ್ದಳು. ಆವತ್ತು ನನಗೆ ಒಂದು ಮಾತು ತಿಳಿಯಬೇಕಿತ್ತು: ಕಳಿಸಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಗಂಟೆಯ ಸದ್ದಿಗೆ ಗೊತ್ತಿರುವುದಿಲ್ಲ. ತಿಳಿಯಲಿಲ್ಲ. ಚಾದರ ಚೆನ್ನಾಗಿತ್ತು, ಅದರ ಸಂಭ್ರಮದಲ್ಲಿ ಮರೆತೆ.

ಮಿಸ್ ಕಾಲಿನ ಬಗ್ಗೆ ಇಷ್ಟು ಉದ್ದ ಹೇಳಲು ಕಾರಣವಿದೆ. ನನ್ನ ಹೊಟ್ಟೆ ತುಂಬುವುದೇ ಅದರಿಂದ. ಸೋಲಾಪುರದ ಹೊರಗೆ, ಅಕ್ಕಲಕೋಟ ರಸ್ತೆಯ ಕಾರ್ಖಾನೆಗಳ ನಡುವೆ ಒಂದು ಶೆಡ್ಡಿನಲ್ಲಿ ನಾವು ಹನ್ನೊಂದು ಜನ ಸೇರಿ ಒಂದು ಪೆಟ್ಟಿಗೆ ತಯಾರಿಸುತ್ತೇವೆ. ಅದನ್ನು ಬಾವಿಯ ಪಂಪಿನ ಸ್ಟಾರ್ಟರಿಗೆ ಜೋಡಿಸಬೇಕು. ಪೆಟ್ಟಿಗೆಯೊಳಗೆ ಒಂದು ಸಿಮ್ಮು ಇರುತ್ತದೆ. ರೈತ ಮನೆಯಲ್ಲಿ ಕೂತು ಮಿಸ್ ಕಾಲ್ ಕೊಟ್ಟರೆ ಹೊಲದಲ್ಲಿ ಪಂಪು ಶುರು, ಇನ್ನೊಂದು ಕೊಟ್ಟರೆ ಬಂದ್. ಆ ಪೆಟ್ಟಿಗೆ ಏನು ಕೇಳಬೇಕು, ಏನು ಮಾಡಬೇಕು ಎಂಬ ಪ್ರೋಗ್ರಾಮು ಬರೆಯುವವಳು ನಾನು. ಮದುವೆ ಮನೆಗಳಲ್ಲಿ ಹೆಂಗಸರು ಏನು ಕೆಲಸ ಎಂದು ಕೇಳಿದಾಗ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಕೊನೆಗೆ ಒಬ್ಬಾಕೆ, "ಅಂದ್ರ ಟೈಪಿಂಗ್ ಅನ್ನವಾ" ಎಂದಳು. ಅಲ್ಲಿಂದಾಚೆಗೆ ನಾನೂ ಟೈಪಿಂಗ್ ಎಂದೇ ಹೇಳುತ್ತೇನೆ.

ಮೊದಲ ಪೆಟ್ಟಿಗೆ ಬರೆದಾಗ ನನಗೆ ಬುದ್ಧಿ ಕಡಿಮೆ, ಹುರುಪು ಹೆಚ್ಚು. ಸಿಮ್ಮಿನ ಜೊತೆ ಮಾತಾಡುವ ಒಂದು ರೇಡಿಯೋ ಚಿಪ್ ಇರುತ್ತದಲ್ಲ, ಪಂಪಿನ ಲೆಕ್ಕಾಚಾರವೆಲ್ಲ ಸೀದಾ ಅದರ ಭಾಷೆಯಲ್ಲೇ ಬರೆದುಬಿಟ್ಟಿದ್ದೆ. ಎರಡು ವರ್ಷದ ಮೇಲೆ ಆ ಚಿಪ್ ಸಿಗುವುದು ನಿಂತಿತು. ಹೊಸದು ತರಿಸಿದರೆ ಅದರ ಭಾಷೆಯೇ ಬೇರೆ. ಹಳೆಯದು ಒಂದು ಮಾತಿಗೆ ಏಳುತ್ತಿತ್ತು, ಹೊಸದನ್ನು ಮೂರು ಸಲ ಅಲುಗಾಡಿಸಬೇಕು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮತ್ತೆ ಬರೆದೆ. ಮೂರು ತಿಂಗಳು ಹಿಡಿಯಿತು. ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೂ ಹೊಸ ಚಿಪ್ ಬಂತು ಎಂದರು. ನನಗೆ ಅಳುವೇ ಬಂತು.

ಅಳುವಿನ ನಡುವೆ ನೆನಪಾದದ್ದು ನಮ್ಮ ಅಜ್ಜನ ಕೆಮ್ಮು. ಅವ್ವನ ತವರುಮನೆ ಅಕ್ಕಲಕೋಟದ ಆಚೆ ಒಂದು ಹಳ್ಳಿಯಲ್ಲಿದೆ, ರಜೆಯೆಲ್ಲ ನನ್ನದು ಅಲ್ಲೇ. ಆ ಮನೆಯಲ್ಲಿ ಸೊಸೆಯಂದಿರು ಮಾವನ ಎದುರಿಗೆ ಬಂದು ಮಾತಾಡುವಂತಿರಲಿಲ್ಲ. ಅಜ್ಜನೂ ಸೊಸೆಯ ಹೆಸರು ಹಿಡಿದು ಕೂಗುವಂತಿರಲಿಲ್ಲ. ಹಾಗಾಗಿ ಅಜ್ಜ ಪಡಸಾಲೆಯಲ್ಲಿ ಕೂತು ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ನೀರು, ಎರಡಕ್ಕೆ ಚಹಾ, ಗಂಟಲು ಕ್ಯಾಕರಿಸಿದರೆ ಊಟ. ಅಡುಗೆಮನೆಯಲ್ಲಿ ದೊಡ್ಡ ಮಾಮಿ ಇದ್ದಾಳೋ ಸಣ್ಣ ಮಾಮಿಯೋ ಅಜ್ಜನಿಗೆ ಬೇಕಾಗಿರಲಿಲ್ಲ, ಹೊಸ್ತಿಲ ಮೇಲೆ ಕಪ್ಪು ಬಂದು ಕೂತರೆ ಆಯಿತು. ಒಂದು ದಿನ ಇಬ್ಬರು ಮಾಮಿಯರೂ ಹೊಲಕ್ಕೆ ಹೋಗಿದ್ದರು. ಎರಡು ಕೆಮ್ಮು ಕೇಳಿಸಿತು. ಎಂಟು ವರ್ಷದ ನಾನೇ ಚಹಾ ಕಾಸಿ ಇಟ್ಟುಬಂದೆ. ಅಜ್ಜ ಕುಡಿದು, ಗೋಡೆಗೆ ಹೇಳುವಂತೆ, "ಸಕ್ಕರಿ ಕಡಿಮಿ ಬಿದ್ದೈತಿ" ಎಂದ. ಚಹಾ ಮಾಡಿದವಳು ನಾನೆಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಆ ಮನೆಯ ಹೆಣ್ಣುಮಕ್ಕಳ ಮಟ್ಟಿಗೆ ಅದೇನು ಸುಖದ ಪದ್ಧತಿಯಲ್ಲ, ಒಪ್ಪುತ್ತೇನೆ. ನನ್ನ ಪೆಟ್ಟಿಗೆಗೆ ಮಾತ್ರ ಚೆನ್ನಾಗಿ ಹೊಂದಿತು. ಪಂಪಿನ ಪ್ರೋಗ್ರಾಮು ಮೇಲೆ ಕೂತು ಕೆಮ್ಮಲಿ, ಕೆಳಗೆ ಯಾವ ಚಿಪ್ಪಾದರೂ ಇರಲಿ, ನಡುವೆ ಹೊಸ್ತಿಲಿನಂಥ ಒಂದು ಪದರು ಮಾಡೋಣ ಎಂದು ಕೂತೆ. ಆ ಪದರಿಗೆ ಗೊತ್ತಿರುವುದು ನಾಲ್ಕೇ ಮಾತು: ಎಬ್ಬಿಸು, ಕೇಳು, ಹೇಳು, ಮಲಗಿಸು. ಅವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರನ್ನೇ ಇಟ್ಟೆ. ಅಕ್ಕಲಕೋಟದ ಕನ್ನಡ ಸಾಲಿಯಲ್ಲಿ ಓದಿದವಳು, ಇಷ್ಟಾದರೂ ಸೇಡು ತೀರಿಸಿಕೊಳ್ಳಬೇಡವೇ? ನಮ್ಮ ಮಾಲೀಕರು ಮರಾಠಿಯವರು, ಅರವಿಂದ ಸರ್ ಎಂದು. ಪರದೆ ನೋಡಿ, "ಸುವರ್ಣಾ, ಹೇ ಮಲಗಿಸು ಮ್ಹಣಜೇ ಕಾಯ?" ಎಂದು ಕೇಳಿದರು. ಅರ್ಥ ಹೇಳಿದೆ. ಆಮೇಲೆ ಅವರು ಮಧ್ಯಾಹ್ನ ಊಟವಾದ ಮೇಲೆ, "ಮೀ ಜರಾ ಮಲಗಿಸು", ಅಂದರೆ ನಾನು ಸ್ವಲ್ಪ ಮಲಗಿಸು, ಎಂದು ಒಳಗೆ ಹೋಗತೊಡಗಿದರು.

ಪದರು ಚೆನ್ನಾಗಿ ಬಂತು. ಮುಂದೆ ಹೊಸ ಚಿಪ್ ಬಂದಾಗ ಮೂರು ತಿಂಗಳ ಕೆಲಸ ಒಂಬತ್ತು ದಿನಕ್ಕೆ ಮುಗಿಯಿತು. ಪಂಪಿನ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಯಾವ ಚಿಪ್ ಬಂದರೂ ನಮ್ಮ ಪೆಟ್ಟಿಗೆ ಹೊಂದಿಕೊಳ್ಳುತ್ತದೆ ಎಂದು ಅರವಿಂದ ಸರ್ ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ಜಂಬದಲ್ಲೇ ಒಂದು ಹೊಸ ಪೆಟ್ಟಿಗೆ ತೆಗೆದುಕೊಂಡು ಹೋಗಿ ದೊಡ್ಡ ಮಾಮಾನ ಬಾವಿಗೆ ಕೂರಿಸಿ ಬಂದೆ.

ಈಗ ಮಾಮಾಗಳ ವಿಷಯ ಹೇಳಲೇಬೇಕು. ಇಬ್ಬರೂ ಅವ್ವನ ತಮ್ಮಂದಿರು. ದೊಡ್ಡವರು ಶಾಂತಪ್ಪ, ಸಣ್ಣವರು ಗುರುಬಸಪ್ಪ. ಮನೆ ಬೇರೆ, ಹೊಲ ಬೇರೆ, ಬಾವಿ ಮಾತ್ರ ಒಂದೇ. ಏಳು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ, ನಾನು ಮಾತ್ರ ಈಗ ನಗುವುದಿಲ್ಲ. ದೊಡ್ಡ ಮಾಮಾನ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಸಣ್ಣ ಮಾಮಾನ ಹೆಸರು ಬಿಟ್ಟುಹೋಯಿತು. ಬೀಗರ ಸೋದರತ್ತೆಯ ಮೊಮ್ಮಕ್ಕಳ ಹೆಸರು ಕೂಡ ಇತ್ತು, ಹುಡುಗಿಯ ಸ್ವಂತ ಕಾಕಾನ ಹೆಸರಿಲ್ಲ. ತಪ್ಪು ಛಾಪಖಾನೆಯವನದು, ನಾನ್ಯಾಕ ಮಾಫಿ ಕೇಳಲಿ ಎಂದು ಅಣ್ಣ. ಛಾಪಿಸೋಕಿಂತ ಮೊದಲು ಒಮ್ಮಿ ಓದಿದ್ರ ಕಾಣ್ತಿರಲಿಲ್ಲೇನು ಎಂದು ತಮ್ಮ. ಅಲ್ಲಿಗೆ ಮುಗಿಯಿತು. ಅವ್ವ ತವರಿಗೆ ಹೋದರೆ ಬೆಳಗಿನ ಊಟ ಒಂದು ಮನೆಯಲ್ಲಿ, ಸಂಜೆಯದು ಇನ್ನೊಂದು ಮನೆಯಲ್ಲಿ.

ಬಾವಿಯ ನೀರು ಎರಡು ದಿನ ಅಣ್ಣನ ಪಾಳಿ, ಎರಡು ದಿನ ತಮ್ಮನ ಪಾಳಿ. ಮಾತಿಲ್ಲದವರು ಪಾಳಿ ಮುಗಿಯಿತು ಎಂದು ಹೇಳುವುದು ಹೇಗೆ? ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಬಾವಿಯ ಮಗ್ಗುಲಲ್ಲಿ ಬೇವಿನ ಗಿಡವಿದೆ. ಪಾಳಿ ಮುಗಿಸಿದವರು ಪಂಪು ಬಂದ್ ಮಾಡಿ, ಒಂದು ಬೇವಿನ ಟೊಂಗೆ ಮುರಿದು ಸ್ಟಾರ್ಟರಿನ ಡಬ್ಬಿಯ ಕೊಂಡಿಗೆ ಸಿಗಿಸಿ ಹೋಗುವುದು. ಹಸಿ ಟೊಂಗೆ ಇದ್ದರೆ ಇನ್ನು ನಿನ್ನದು ಎಂದರ್ಥ. ಲೋಡ್ ಶೆಡ್ಡಿಂಗಿನಿಂದ ಪಾಳಿ ಅರ್ಧವಾದ ದಿನ ಟೊಂಗೆಯ ಒಂದು ಮಗ್ಗುಲಿನ ಎಲೆ ಕಿತ್ತು ಇಡುತ್ತಿದ್ದರಂತೆ, ಅರ್ಧ ದಿನ ನನಗೆ ಬರಬೇಕು ಎಂದು. ಏಳು ವರ್ಷ ಇದು ತಪ್ಪಿರಲಿಲ್ಲ. ನನಗೆ ಈ ಟೊಂಗೆಯ ಸಂಗತಿ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ಆ ಜಂಬದಲ್ಲಿ ಗಮನಿಸುತ್ತಿದ್ದೆನೋ ಇಲ್ಲವೋ.

ನಾನು ಹಳೆಯ ಡಬ್ಬಿ ತೆಗೆಸಿ ನಮ್ಮ ಹೊಸ ಪೆಟ್ಟಿಗೆ ಕೂರಿಸಿದೆ. ಅದಕ್ಕೆ ಕೊಂಡಿಯಿಲ್ಲ, ಬೀಗವಿದೆ. ಮುಚ್ಚಳದ ಮೇಲೆ ಮಾಲೀಕ ಶಾಂತಪ್ಪ ಎಂದು ಚೀಟಿ ಅಂಟಿಸಿ, ಕೆಳಗೆ ಪೆಟ್ಟಿಗೆಯೊಳಗಿನ ಸಿಮ್ಮಿನ ನಂಬರು ಬರೆದೆ. ದೊಡ್ಡ ಮಾಮಾನ ಕೈಗೆ ಕೀಲಿ ಕೊಟ್ಟೆ. "ಇನ್ನ ಬಾವಿತನಾ ಹೋಗೂದು ಬ್ಯಾಡ್ರಿ ಮಾಮಾ, ಕಟ್ಟಿ ಮ್ಯಾಲ ಕುಂತು ಪಂಪ ಚಾಲೂ ಮಾಡ್ರಿ" ಎಂದು ಹೇಳಿ, ಮಾಮಿ ಕೊಟ್ಟ ಹೋಳಿಗೆ ಕಟ್ಟಿಕೊಂಡು ಬಂದೆ.

ಹದಿನೈದು ದಿನವೂ ಆಗಿರಲಿಲ್ಲ, ಒಂದು ಬುಧವಾರ ದೊಡ್ಡ ಮಾಮಿಯ ಫೋನು ಬಂತು. ಸಣ್ಣ ಮಾಮಾ ತಮ್ಮ ಹೊಲದಲ್ಲಿ ಬೇರೆ ಬೋರು ಹೊಡೆಸುತ್ತಾರಂತೆ, ಸೋಮವಾರ ಗಾಡಿ ಬರುತ್ತದಂತೆ, ಬಾವಿಯ ಕಡೆ ಬೇಲಿಯನ್ನೂ ಹಾಕುತ್ತಾರಂತೆ. "ಇದೊಂದು ಬಾವಿ ಉಳದಿತ್ತವಾ ಸುವ್ವಿ, ಇಬ್ಬರ ನಡುವ" ಎಂದು ಮಾಮಿ ಬಿಕ್ಕಿದಳು. ಅವ್ವ ಪಕ್ಕದಲ್ಲೇ ಇದ್ದಳು. ಫೋನು ಇಟ್ಟ ಕೂಡಲೇ ಸಣ್ಣ ಮಾಮಿಗೆ ಹಚ್ಚಿ, ಏನಾಯಿತು ಎಂದು ಕೇಳಿದಳು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸುತ್ತಿತ್ತು.

ಆದದ್ದು ಇಷ್ಟು. ಪಾಳಿಯ ದಿನ ಸಣ್ಣ ಮಾಮಾ ಬಾವಿಗೆ ಹೋದರೆ ಟೊಂಗೆಯಿಲ್ಲ, ಪೆಟ್ಟಿಗೆಗೆ ಬೀಗ. ಅಣ್ಣನ ಪಾಳಿ ಮುಗಿದಿಲ್ಲವೇನೋ ಎಂದು ತಿರುಗಿ ಬಂದರು. ಮರುದಿನವೂ ಹಾಗೇ. ಉಳ್ಳಾಗಡ್ಡಿಯ ಸಸಿ ಬಾಡುತ್ತಿತ್ತು. ಆಗ ಅವರು ಮುಚ್ಚಳದ ಮೇಲಿನ ಚೀಟಿ ನೋಡಿದರು. ಅಣ್ಣನ ಹೆಸರು, ಅದರ ಕೆಳಗೆ ಒಂದು ನಂಬರು. ಅಣ್ಣ ಹೊಸ ನಂಬರು ತೆಗೆದುಕೊಂಡಿದ್ದಾನೆ ಎಂದು ತಿಳಿದು, ಬಿಸಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಹಚ್ಚಿದರು. ಏಳು ವರ್ಷದಲ್ಲಿ ಅದೇ ಮೊದಲನೆಯ ಫೋನು. ಸಣ್ಣ ಮಾಮಿ ಹೇಳುತ್ತಿದ್ದಳು: "ಪೂರಾ ಒಂದ್ ರಿಂಗೂ ಆಗಲಿಲ್ಲರಿ ಅಕ್ಕಾ, ಭಾವ ಕಟ್ ಮಾಡಿಬಿಟ್ರು. ಮತ್ತ ಹಚ್ಚಿದ್ರು, ಮತ್ತ ಕಟ್. ನಮ್ಮನಿಯವ್ರು ಮನಿಗಿ ಬಂದು ಉಣಲಿಲ್ಲ. ಬೋರಿನವಗ ಫೋನ್ ಹಚ್ಚಿದ್ರು."

ಕಟ್ ಮಾಡಿದವಳು ನಾನು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಪೆಟ್ಟಿಗೆ ತಕ್ಷಣ ಕಟ್ ಮಾಡಬೇಕು ಎಂದು ಬರೆದವಳು ನಾನೇ. ಸಾಲ ಬೇಕೇ ಎಂದು ಕೇಳುವವರು ಫೋನು ಮಾಡಿದಾಗೆಲ್ಲ ಪಂಪು ಶುರುವಾಗಬಾರದಲ್ಲ! ಒಂದು ಪಂಪಿಗೆ ಒಬ್ಬ ಮಾಲೀಕ, ಅವನದು ಒಂದು ನಂಬರು. ಅದನ್ನು ಬರೆದಿಟ್ಟದ್ದು ಎಲ್ಲಿ? ಹೊಗಳಿಸಿಕೊಂಡ ಆ ನಡುವಿನ ಪದರಿನ ತಳದಲ್ಲಿ, ಒಂದೇ ಒಂದು ನಂಬರು ಹಿಡಿಯುವಷ್ಟು ಜಾಗ ಕೊಟ್ಟು. ಚಿಪ್ ಹತ್ತು ಬದಲಾದರೂ ನಡೆಯಬೇಕು ಎಂದು ಮಾಡಿದವಳು, ಮನುಷ್ಯರು ಇಬ್ಬರಾದರೆ ನಡೆಯದಂತೆ ಮಾಡಿಟ್ಟಿದ್ದೆ. ಆ ಛಾಪಖಾನೆಯವನನ್ನು ಏಳು ವರ್ಷ ಬೈದಿದ್ದೆ. ಅವನು ಬಿಟ್ಟದ್ದು ಒಂದು ಹೆಸರು, ನಾನು ಬಿಟ್ಟದ್ದು ಒಂದು ನಂಬರು, ಎರಡು ಸಲವೂ ಬಿಟ್ಟುಹೋದವರು ಅದೇ ಸಣ್ಣ ಮಾಮಾ. ನಾಚಿಕೆಯಿಂದ ನನಗೆ ಅವ್ವನ ಮುಖ ನೋಡಲಾಗಲಿಲ್ಲ.

ಮರುದಿನ ಅರವಿಂದ ಸರ್‌ಗೆ ತಳದಿಂದ ಬದಲಾಯಿಸಬೇಕು ಎಂದೆ. ಒಂದು ಬಾವಿಗಾಗಿ ಎಲ್ಲವನ್ನೂ ಬುಡಮೇಲು ಮಾಡುತ್ತೀಯಾ ಎಂದು ಅವರು ಮರಾಠಿಯಲ್ಲಿ ರೇಗಿದರು. "ಸರ್, ನಿಮ್ಮ ಊರಿನ ಬಾವಿಗೆ ಮಾಲೀಕರು ಎಷ್ಟು ಜನ?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. "ತೀನ ಭಾಊ" ಎಂದರು. ಮೂವರು ಅಣ್ಣತಮ್ಮಂದಿರು. ಆಮೇಲೆ ನನ್ನ ಬೇರೆ ಕೆಲಸಗಳ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

ಗುರುವಾರ, ಶುಕ್ರವಾರ, ಶನಿವಾರ. ನನ್ನ ನಾಲ್ಕು ಮಾತಿಗೆ ಐದನೆಯದು ಸೇರಿತು: ಒಪ್ಪಿಸು. ಈಗ ಪೆಟ್ಟಿಗೆಯಲ್ಲಿ ಒಂದಲ್ಲ, ಎಷ್ಟು ಪಾಳಿಯವರಿದ್ದರೆ ಅಷ್ಟು ನಂಬರಿಗೆ ಜಾಗ. ಒಬ್ಬರು ಪಾಳಿ ಮುಗಿಸಿದರೆ ಪೆಟ್ಟಿಗೆ ತಾನೇ ಮುಂದಿನವರಿಗೆ ಮಿಸ್ ಕಾಲ್ ಕೊಡುತ್ತದೆ, ಇನ್ನು ನಿನ್ನದು ಎಂದು. ಬರೆಯುವುದು ಕಷ್ಟವಾಗಲಿಲ್ಲ. ಇಷ್ಟು ಸುಲಭವಿದ್ದದ್ದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂಬುದೇ ಕಷ್ಟವಾಯಿತು.

ಭಾನುವಾರ ಬೆಳಗ್ಗೆ ನಾನೂ ಅವ್ವನೂ ಎಸ್‌ಟಿ ಹಿಡಿದು ಹೋದೆವು. ಅವ್ವ ಇಬ್ಬರು ತಮ್ಮಂದಿರಿಗೂ ಬಾವಿಗೆ ಬರಲು ಹೇಳಿಕಳಿಸಿದಳು. ಅಕ್ಕ ಕರೆದಳೆಂದು ಇಬ್ಬರೂ ಬಂದರು. ದೊಡ್ಡ ಮಾಮಾ ಬೇವಿನ ನೆರಳಿನಲ್ಲಿ ನಿಂತರು, ಸಣ್ಣ ಮಾಮಾ ಬಾವಿಯ ಆಚೆ ದಂಡೆಯ ಮೇಲೆ, ಕಾಲುವೆಯ ಕಡೆ ಮುಖ ಮಾಡಿ ಕೂತರು.

"ಮಾಮಾ, ನಿಮ್ಮ ಫೋನ್ ಕಟ್ ಮಾಡಿದ್ದು ದೊಡ್ಡ ಮಾಮಾ ಅಲ್ರಿ. ನಾ" ಎಂದೆ.

"ನೀ ಸೋಲಾಪುರದಾಗ ಕುಂತು ಹೆಂಗ ಕಟ್ ಮಾಡ್ತಿ?" ಎಂದರು ಸಣ್ಣ ಮಾಮಾ, ತಿರುಗದೆ.

ಹೇಳಿದರೆ ನಂಬುವ ಮಾತಲ್ಲ. ದೊಡ್ಡ ಮಾಮಾನ ಫೋನನ್ನು ಇಸಿದುಕೊಂಡು ಇಬ್ಬರಿಗೂ ಕಾಣುವ ಹಾಗೆ ಬಾವಿಯ ಕಟ್ಟೆಯ ಮೇಲಿಟ್ಟೆ. "ಈಗ ಆ ನಂಬರಿಗಿ ಹಚ್ರಿ" ಎಂದೆ. ಸಣ್ಣ ಮಾಮಾ ಮನಸ್ಸಿಲ್ಲದೆ ಹಚ್ಚಿದರು. ಕಟ್ಟೆಯ ಮೇಲಿನ ಫೋನು ಸುಮ್ಮನೆ ಬಿದ್ದಿತ್ತು, ಬೆಳಕು ಕೂಡ ಬರಲಿಲ್ಲ. ನಾನು ಬೀಗ ತೆಗೆದಿಟ್ಟಿದ್ದ ಪೆಟ್ಟಿಗೆಯೊಳಗೆ ಒಂದು ಕೆಂಪು ದೀಪ ಮಿಣಕ್ ಎಂದಿತು, ಫೋನು ಕಟ್ಟಾಯಿತು. ಅವರು ಮತ್ತೊಮ್ಮೆ ಹಚ್ಚಿ ನೋಡಿದರು. ಮತ್ತೆ ಹಾಗೇ.

"ಇದು ಖರೇ ಆಯ್ತು. ಟೊಂಗಿ ಯಾಕ ಇಡಲಿಲ್ಲ, ಕೇಳು" ಎಂದು ನನಗೆ ಹೇಳಿದರು.

"ಪಂಪ ಮನ್ಯಾಗ ಕುಂತ ಬಂದ್ ಮಾಡಿದ್ನೆವ್ವ. ಬಾವಿಗಿ ಬಂದಿದ್ರ ಇಡ್ತಿದ್ದೆ. ಅಂವನೂ ಫೋನ್ ಮ್ಯಾಲ ಚಾಲೂ ಮಾಡ್ಕೋತಾನ ಅಂತ ತಿಳಕೊಂಡೆ, ಹೇಳು" ಎಂದು ದೊಡ್ಡ ಮಾಮಾ ಕೂಡ ನನಗೇ ಹೇಳಿದರು. ಹತ್ತು ಮಾರಿನ ಅಂತರದಲ್ಲಿ ಇಬ್ಬರ ಮಾತನ್ನೂ ಇಬ್ಬರೂ ಕೇಳುತ್ತಿದ್ದರು, ಆದರೂ ನಡುವೆ ನಾನು ಬೇಕಾಗಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಬೋರಿನ ಗಾಡಿ ಮರುದಿನವೇ ಬರುವುದಿತ್ತು. ಅದರ ಬಗ್ಗೆ ಸಣ್ಣ ಮಾಮಾನನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಸುಮ್ಮನೆ ಹಳೆಯ ಪೆಟ್ಟಿಗೆ ಬಿಚ್ಚಿ ಹೊಸದನ್ನು ಕೂರಿಸಿದೆ. ಪಾಳಿಯವರ ನಂಬರನ್ನು ಅದಕ್ಕೆ ಸಂದೇಶವಾಗಿ ಕಳಿಸಬೇಕು. ದೊಡ್ಡ ಮಾಮಾನ ಫೋನು ಹಿಡಿದು ಮೊದಲು ಅವರದನ್ನು ಹಾಕಿದೆ. ಆಮೇಲೆ ಸಣ್ಣ ಮಾಮಾನ ಕಡೆ ತಿರುಗಿ, "ನಿಮ್ದು ಹೇಳ್ರಿ ಮಾಮಾ" ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದೊಡ್ಡ ಮಾಮಾ ಒಂದೊಂದೇ ಅಂಕಿ ಹೇಳತೊಡಗಿದರು. ಕಣ್ಣು ಬೇವಿನ ಗಿಡದ ಮೇಲಿತ್ತು. ನಾನು ಒತ್ತುತ್ತ ಹೋದೆ, ನಾಲ್ಕನೆಯ ಅಂಕಿಗೆ ನಿಲ್ಲಿಸಿದೆ. ನನಗೆ ನೆನಪಿದ್ದ ನಂಬರು ಅದಾಗಿರಲಿಲ್ಲ.

"ಮಾಮಾ, ನನ್ನ ಕಡೆ ಬ್ಯಾರೆ ಐತಲ್ರಿ."

"ಅದು ಹಳೇದವಾ. ಹ್ವಾದ ದೀಪಾವಳಿಗಿ ಬದಲಿ ಮಾಡ್ಯಾನ."

"ಫೋನ್ ಹಚ್ಚಿದ್ರೇನು?"

"ಒಮ್ಮಿನೂ ಇಲ್ಲ" ಎಂದು ಉಳಿದ ಅಂಕಿಗಳನ್ನು ಹೇಳಿದರು, ಎಲ್ಲೂ ತಡವರಿಸದೆ. ಫೋನಿನಲ್ಲಿ ಆ ನಂಬರಿಗೆ ಹೆಸರಿರಲಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ. ನನಗೆ ಕಣ್ಣು ತುಂಬಿ ಪರದೆ ಕಾಣದಾಯಿತು.

"ಕೊನೀ ಎರಡು ಮತ್ತೊಮ್ಮಿ ಹೇಳ್ರಿ" ಎಂದೆ.

ಈ ಸಲ ಹೇಳಿದ್ದು ಬಾವಿಯ ಆಚೆ ದಂಡೆಯಿಂದ ಸಣ್ಣ ಮಾಮಾ. ಎರಡು ಅಂಕಿ ಹೇಳಿ, "ಅಣ್ಣ ಬರೋಬರಿ ಹೇಳ್ಯಾನ, ಹಾಕ್ಕೋ" ಎಂದರು. ಆಮೇಲೆ ಎದ್ದು ನಿಂತು, ಬೋರಿನವನಿಗೆ ಫೋನು ಹಚ್ಚಿ, ಸೋಮವಾರ ಬರಬೇಡ ಎಂದು ಹೇಳಿದರು.